ಬೆಲೆ ಕೇಳುವ ಮೊದಲು ಕಾರ್ಡಿನ ಚರಿತ್ರೆ ಕೇಳಿ: ಅಮೆರಿಕದ ಕನ್ನಡಿಗ ಸಂಗ್ರಾಹಕರಿಗೆ ಒಂದು ಬಹಿರಂಗ ಪತ್ರ

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ ಸಂಗ್ರಾಹಕ ಮಿತ್ರರಿಗೆ, ಮಕ್ಕಳ ಜೊತೆಗೂಡಿ ಹಳೆಯ ಬೇಸ್‌ಬಾಲ್ ಕಾರ್ಡುಗಳನ್ನು ಕೊಳ್ಳಲು ಹೊರಟಿರುವ ತಂದೆತಾಯಂದಿರಿಗೆ,

ನಮಸ್ಕಾರಗಳು.

2022ರ ಆಗಸ್ಟ್ ತಿಂಗಳಲ್ಲಿ ಹೆರಿಟೇಜ್ ಹರಾಜು ಸಂಸ್ಥೆಯು ಟಾಪ್ಸ್ ಎಂಬ ಬಬಲ್‌ಗಮ್ ಕಂಪನಿ 1952ರಲ್ಲಿ ಹೊರತಂದ, ಬೇಸ್‌ಬಾಲ್ ಆಟಗಾರ ಮಿಕ್ಕಿ ಮ್ಯಾಂಟಲ್ ಚಿತ್ರವಿರುವ ಕಾರ್ಡೊಂದನ್ನು 1 ಕೋಟಿ 26 ಲಕ್ಷ ಡಾಲರಿಗೆ ಮಾರಿತು. ಆಗಿನ ವಿನಿಮಯ ದರದಲ್ಲಿ ಅದು ಸುಮಾರು ನೂರು ಕೋಟಿ ರೂಪಾಯಿ. ಆ ಸುದ್ದಿ ಊರಿನ ಪತ್ರಿಕೆಗಳವರೆಗೂ ಹೋಯಿತು. ಅಂದಿನಿಂದ ನನ್ನ ಸಂಗ್ರಹವನ್ನು ನೋಡಲು ಬರುವವರ ಮಾತಿನ ದಿಕ್ಕೇ ಬದಲಾಗಿದೆ. ಮೊದಲು ಈ ಆಟಗಾರ ಯಾರು, ಯಾವ ತಂಡಕ್ಕೆ ಆಡಿದವನು, ಸಿಗರೇಟು ಪೊಟ್ಟಣದಲ್ಲಿ ಇಂಥ ಚಿತ್ರವನ್ನು ಏಕೆ ಇಡುತ್ತಿದ್ದರು ಎಂದು ಕೇಳುತ್ತಿದ್ದ ಸ್ನೇಹಿತರು ಈಗ ಇದಕ್ಕೆ ಎಷ್ಟು ಬರುತ್ತದೆ, ಇದರಲ್ಲಿ ಹಣ ಹಾಕಬಹುದೇ, ಮಗಳ ಕಾಲೇಜಿಗೆಂದು ಕೂಡಿಟ್ಟದ್ದರಲ್ಲಿ ಒಂದು ಪಾಲನ್ನು ಇದಕ್ಕೆ ತೆಗೆದಿಡಬಹುದೇ ಎಂದು ಕೇಳುತ್ತಿದ್ದಾರೆ. ಸಂಗ್ರಾಹಕರಲ್ಲಿಯೂ ಕೆಲವರು ತಮ್ಮ ಪೆಟ್ಟಿಗೆಯೊಳಗಿನ ಕಾರ್ಡುಗಳ ಬೆಲೆ ಏರಿತೆಂದು ಹಿಗ್ಗಿದ್ದಾರೆ. ಇನ್ನು ಕೆಲವರು, ವರ್ಷಗಟ್ಟಲೆ ಕಾದು ಕೊಳ್ಳಬೇಕೆಂದಿದ್ದ ಕಾರ್ಡು ಇನ್ನೆಂದೂ ಕೈಗೆಟುಕದು ಎಂದು ಕುಗ್ಗಿದ್ದಾರೆ. ಎರಡೂ ಸಹಜವೇ. ಆದರೆ ಈ ಹಿಗ್ಗು ಕುಗ್ಗುಗಳ ನಡುವೆ ಕೇಳಲೇಬೇಕಾದ ಪ್ರಶ್ನೆಯೊಂದನ್ನು ನಾವು ಕೇಳದೆ ಬಿಟ್ಟಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಒಂದು ಕಾರ್ಡು ಕೋಟಿಗಟ್ಟಲೆ ಬೆಲೆಗೆ ಮಾರಾಟವಾಗುವಾಗ, ಅದು ಯಾರ ಕೈಯಿಂದ ಯಾರ ಕೈಗೆ ದಾಟಿ ಬಂತು, ನಡುವೆ ಅದಕ್ಕೆ ಏನೇನು ಮಾಡಲಾಯಿತು ಎಂಬುದನ್ನು ತಿಳಿಸುವ ಹೊಣೆ ಆ ಬೆಲೆಯಿಂದ ಲಾಭ ಪಡೆಯುವವರ ಮೇಲಿದೆ. ಆ ಹೊಣೆಯನ್ನು ಅವರು ಹೊರುವಂತೆ ನಾವೇ ಒತ್ತಾಯಿಸಬೇಕು ಎಂದು ವಿನಂತಿಸಲು ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಮ್ಯಾಂಟಲ್ ಕಾರ್ಡಿನ ವಿಷಯ. ಇದು ಬಲು ಅಪರೂಪದ ಕಾರ್ಡು, ಆತನ ಮೊದಲ ಕಾರ್ಡು ಎಂದು ಅನೇಕರು ತಿಳಿದಿದ್ದಾರೆ; ಎರಡೂ ನಿಜವಲ್ಲ. ಇದು ಮ್ಯಾಂಟಲ್‌ನ ಮೊದಲ ಕಾರ್ಡಲ್ಲ. ಆತನ ಮೊದಲ ಕಾರ್ಡು 1951ರಲ್ಲಿ ಬೋಮನ್ ಕಂಪನಿಯಿಂದ ಬಂದದ್ದು. ಟಾಪ್ಸ್‌ನ 1952ರ 407 ಕಾರ್ಡುಗಳ ಸರಣಿಯಲ್ಲಿ ಮ್ಯಾಂಟಲ್‌ನದು 311ನೆಯದು. 311ರಿಂದ ಮುಂದಿನ ಕಾರ್ಡುಗಳು ಅಂಗಡಿಗೆ ಬಂದದ್ದು ಬೇಸ್‌ಬಾಲ್ ಋತು ಮುಗಿಯುತ್ತಾ ಬಂದಾಗ. ಮಕ್ಕಳ ಗಮನ ಅಷ್ಟು ಹೊತ್ತಿಗೆ ಫುಟ್‌ಬಾಲಿನ ಕಡೆ ಹೊರಳಿತ್ತು. ಮಾರಾಟವಾಗದೆ ಉಳಿದ ಪೆಟ್ಟಿಗೆಗಳು ಗೋದಾಮಿನಲ್ಲಿ ಜಾಗ ತಿನ್ನುತ್ತಿದ್ದವು. ಆ ಸರಣಿಯನ್ನು ರೂಪಿಸಿದ ಸೈ ಬರ್ಗರ್ ಅವರೇ 1960ರಲ್ಲಿ ಅವುಗಳನ್ನು ದೋಣಿಗೆ ತುಂಬಿಸಿ ನ್ಯೂಜೆರ್ಸಿಯ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದರೆಂಬುದು ಅವರೇ ಹೇಳಿದ ಕಥೆ. ಹೀಗಿದ್ದರೂ, ಮುದ್ರಣದ ಹಾಳೆಯ ಮೇಲೆ ಮ್ಯಾಂಟಲ್‌ನ ಕಾರ್ಡನ್ನು ಎರಡೆರಡು ಬಾರಿ ಅಚ್ಚು ಹಾಕಿದ್ದರಿಂದ ಅದು ಅದೇ ಗುಂಪಿನ ಬಹುಪಾಲು ಕಾರ್ಡುಗಳಿಗಿಂತ ಹೆಚ್ಚು ಸಂಖ್ಯೆಯಲ್ಲಿ ಉಳಿದುಕೊಂಡಿದೆ. ಅಂದರೆ ನೂರು ಕೋಟಿ ರೂಪಾಯಿ ಸಂದದ್ದು ಕಾರ್ಡು ವಿರಳವೆಂಬ ಕಾರಣಕ್ಕಲ್ಲ. ಅದು ಸಂದದ್ದು ಅದರ ನಾಲ್ಕು ಮೂಲೆಗಳ ಚೂಪಿಗೆ, ಚಿತ್ರದ ಸುತ್ತಲಿನ ಬಿಳಿ ಅಂಚಿನ ಸಮತೋಲಕ್ಕೆ, ಮತ್ತು ಎಸ್‌ಜಿಸಿ ಎಂಬ ಗ್ರೇಡಿಂಗ್ ಕಂಪನಿ (ಕಾರ್ಡಿನ ಸ್ಥಿತಿಯನ್ನು ಪರೀಕ್ಷಿಸಿ, ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಕೊಡುವ ಕಂಪನಿ) ಅದಕ್ಕೆ ಕೊಟ್ಟ 9.5 ಎಂಬ ಅಂಕಕ್ಕೆ. ಅದಕ್ಕಿಂತ ಒಂದೂವರೆ ವರ್ಷದ ಹಿಂದೆ, 2021ರ ಜನವರಿಯಲ್ಲಿ, ಇದೇ ಕಾರ್ಡಿನ ಇನ್ನೊಂದು ಪ್ರತಿ ಪಿಎಸ್‌ಎ ಎಂಬ ಮತ್ತೊಂದು ಗ್ರೇಡಿಂಗ್ ಕಂಪನಿಯ 9 ಅಂಕದೊಂದಿಗೆ 52 ಲಕ್ಷ ಡಾಲರಿಗೆ ಮಾರಾಟವಾಗಿತ್ತು. ಮೂಲೆ ಮಾಸಿದ, ನಡುವೆ ಮಡಿಕೆ ಬಿದ್ದ ಪ್ರತಿಗಳು ಇದರ ಸಣ್ಣದೊಂದು ಅಂಶಕ್ಕೆ ಸಿಗುತ್ತವೆ. ಚಿತ್ರ ಅದೇ, ಕಾಗದ ಅದೇ, ಆಟಗಾರನೂ ಅವನೇ.

ಇನ್ನು ಟಿ206 ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡು ನಿಜಕ್ಕೂ ವಿರಳ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ತನ್ನ ಸಿಗರೇಟು ಪೊಟ್ಟಣಗಳಲ್ಲಿ ಇಟ್ಟ ಐನೂರಕ್ಕೂ ಹೆಚ್ಚು ಬಗೆಯ ಚಿತ್ರಗಳಲ್ಲಿ ಪಿಟ್ಸ್‌ಬರ್ಗ್ ತಂಡದ ವ್ಯಾಗ್ನರ್‌ನದು ಬೇಗನೆ ನಿಂತುಹೋಯಿತು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳುವುದು ಆತನಿಗೆ ಇಷ್ಟವಿರಲಿಲ್ಲ ಎಂದು ಕೆಲವರು, ತನ್ನ ಚಿತ್ರ ಬಳಸಿದ್ದಕ್ಕೆ ಹಣ ಕೊಡಲಿಲ್ಲವೆಂದು ತಡೆದನೆಂದು ಕೆಲವರು ಹೇಳುತ್ತಾರೆ. ಇಂದು ತಿಳಿದಿರುವ ಪ್ರತಿಗಳು ಐವತ್ತರಿಂದ ಅರವತ್ತರಷ್ಟು ಮಾತ್ರ. 2021ರ ಆಗಸ್ಟ್‌ನಲ್ಲಿ ಅದರ ಒಂದು ಪ್ರತಿ 66 ಲಕ್ಷ ಡಾಲರಿಗೆ, ಮರುವರ್ಷ ಇನ್ನೊಂದು ಖಾಸಗಿ ವ್ಯವಹಾರದಲ್ಲಿ 72 ಲಕ್ಷ 50 ಸಾವಿರ ಡಾಲರಿಗೆ ಹೋಯಿತು. 2022ರಲ್ಲಿ ಅರ್ಧ ಹರಿದುಹೋದ ವ್ಯಾಗ್ನರ್ ಕೂಡ 15 ಲಕ್ಷ ಡಾಲರ್ ತಂದಿತು.

ಈ ಕಾರ್ಡುಗಳಲ್ಲಿ ಎಲ್ಲಕ್ಕಿಂತ ಹೆಸರಾದ ಒಂದು ಪ್ರತಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ವಿನಂತಿಯ ಬೇರು ಇಲ್ಲಿಯೇ ಇದೆ. 1985ರಲ್ಲಿ ಬಿಲ್ ಮಾಸ್ಟ್ರೊ ಎಂಬ ವ್ಯಾಪಾರಿ ನ್ಯೂಯಾರ್ಕ್‌ನ ಲಾಂಗ್ ಐಲೆಂಡಿನಲ್ಲಿ 25 ಸಾವಿರ ಡಾಲರಿಗೆ ಒಂದು ವ್ಯಾಗ್ನರ್ ಕಾರ್ಡನ್ನು ಕೊಂಡರು. ಎರಡು ವರ್ಷದೊಳಗೆ ಅದನ್ನು ಹಲವು ಪಟ್ಟು ಹೆಚ್ಚಿನ ಬೆಲೆಗೆ ಮಾರಿದರು. 1991ರಲ್ಲಿ ಅದು ಸದಬೀಸ್ ಹರಾಜಿಗೆ ಬಂದಾಗ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಅವರ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ ಒಟ್ಟಾಗಿ 4 ಲಕ್ಷ 51 ಸಾವಿರ ಡಾಲರ್ ಕೊಟ್ಟು ಪಡೆದರು. ಆಗಷ್ಟೇ ಆರಂಭವಾಗಿದ್ದ ಪಿಎಸ್‌ಎ ಕಂಪನಿ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡು ಅದು. ಸಿಕ್ಕ ಅಂಕ 8. ತಂಬಾಕಿನ ಕಾರ್ಡಿಗೆ ಅಂಥ ಅಂಕ ಅಚ್ಚರಿಯೇ ಸರಿ. ಮುಂದೆ ಒಂದು ಚಿಲ್ಲರೆ ಮಳಿಗೆ ಜಾಲದ ಬಹುಮಾನ ಯೋಜನೆಗೆ ಅದು ಹೋಯಿತು; ಗೆದ್ದವರು ಫ್ಲೋರಿಡಾದ ಅಂಚೆ ಇಲಾಖೆಯ ನೌಕರರೊಬ್ಬರು. ಬಹುಮಾನದ ಮೇಲಿನ ತೆರಿಗೆ ಕಟ್ಟಲು ಸಾಧ್ಯವಾಗದೆ ಅವರು ಅದನ್ನು ಮಾರಲೇಬೇಕಾಯಿತು, 1996ರಲ್ಲಿ ಅದು ಮತ್ತೆ ಹರಾಜಾಯಿತು. 2000ದಲ್ಲಿ ಅದರ ಬೆಲೆ ಹತ್ತು ಲಕ್ಷ ಡಾಲರ್ ದಾಟಿತು. 2007ರಲ್ಲಿ ಒಂದೇ ವರ್ಷದೊಳಗೆ ಎರಡು ಬಾರಿ ಕೈಬದಲಾಗಿ, ಕೊನೆಗೆ 28 ಲಕ್ಷ ಡಾಲರಿಗೆ ಅರಿಜೋನಾ ಡೈಮಂಡ್‌ಬ್ಯಾಕ್ಸ್ ತಂಡದ ಮಾಲೀಕ ಕೆನ್ ಕೆಂಡ್ರಿಕ್ ಅವರ ಬಳಿ ಸೇರಿತು.

ಇಷ್ಟೆಲ್ಲ ಆದ ಮೇಲೆ, 2013ರಲ್ಲಿ, ಷಿಕಾಗೋದ ಫೆಡರಲ್ ನ್ಯಾಯಾಲಯದಲ್ಲಿ ಬಿಲ್ ಮಾಸ್ಟ್ರೊ ತಪ್ಪೊಪ್ಪಿಕೊಂಡರು. ಆ ಕಾರ್ಡಿನ ಅಂಚುಗಳನ್ನು ತಾವೇ ಕತ್ತರಿಸಿದ್ದಾಗಿಯೂ, ತಮ್ಮ ಹರಾಜು ಸಂಸ್ಥೆಯಲ್ಲಿ ಸುಳ್ಳು ಬಿಡ್‌ಗಳ ಮೂಲಕ ಬೆಲೆಗಳನ್ನು ಏರಿಸಿದ್ದಾಗಿಯೂ ಒಪ್ಪಿಕೊಂಡ ಅವರಿಗೆ 2015ರಲ್ಲಿ 20 ತಿಂಗಳ ಜೈಲು ಶಿಕ್ಷೆಯಾಯಿತು. ಗ್ರೇಡಿಂಗ್ ಕಂಪನಿಗಳ ನಿಯಮದಂತೆ ಅಂಚು ಕತ್ತರಿಸಿದ ಕಾರ್ಡಿಗೆ ಅಂಕವನ್ನೇ ಕೊಡುವಂತಿಲ್ಲ. ಹಾಗಿದ್ದೂ ಈ ಹವ್ಯಾಸದ ಅತ್ಯಂತ ಪ್ರಸಿದ್ಧ ಅಂಕ ನಿಂತಿದ್ದು ಕತ್ತರಿಸಿದ ಕಾರ್ಡಿನ ಮೇಲೆ. ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಕಾಲ ಪ್ರತಿ ಮಾರಾಟದಲ್ಲಿಯೂ ಬೆಲೆ ಏರುತ್ತಲೇ ಹೋಯಿತು, ಸತ್ಯವನ್ನು ಮಾತ್ರ ಕತ್ತರಿಸಿದವರು ಒಪ್ಪಿಕೊಂಡಿರಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ. ಮುಕ್ಕಾಲು ಶತಮಾನ ಯಾರ ಯಾರದೋ ಕೈಯಲ್ಲಿ ಉಳಿದು ಬಂದ ಕಾಗದದ ಚೂರಿಗೆ ಕತ್ತರಿ ಹಾಕಿದ್ದು ಹಣದ ಮೋಸ ಮಾತ್ರವಲ್ಲ, ಅದನ್ನು ಜೋಪಾನ ಮಾಡಿದ ಎಲ್ಲರಿಗೂ ಮಾಡಿದ ಅನ್ಯಾಯ.

ಅದು ಹಳೆಯ ಮಾತು, ಈಗ ಎಲ್ಲ ಸರಿಹೋಗಿದೆ ಎನ್ನುವವರಿದ್ದಾರೆ. 2019ರಲ್ಲಿ ಏನಾಯಿತೆಂಬುದನ್ನು ಅವರು ನೆನಪಿಸಿಕೊಳ್ಳಬೇಕು. ಆ ವರ್ಷ ಕೆಲವು ಸಂಗ್ರಾಹಕರು ತಮ್ಮ ಬಿಡುವಿನ ವೇಳೆಯಲ್ಲಿ ಕುಳಿತು, ಹಿಂದಿನ ಮಾರಾಟಗಳ ಚಿತ್ರಗಳನ್ನು ಹೊಸ ಮಾರಾಟಗಳ ಚಿತ್ರಗಳ ಪಕ್ಕದಲ್ಲಿಟ್ಟು ಹೋಲಿಸಿದರು. ಮುದ್ರಣದ ಒಂದು ಚುಕ್ಕೆ, ಕಾಗದದ ಒಂದು ನಾರು ಹೊಂದಿಕೆಯಾಗುತ್ತಿತ್ತು. ಆದರೆ ಮೊದಲ ಚಿತ್ರದಲ್ಲಿ ಮೊಂಡಾಗಿದ್ದ ಮೂಲೆ ಎರಡನೆಯದರಲ್ಲಿ ಚೂಪಾಗಿತ್ತು, ಕಲೆ ಮಾಯವಾಗಿತ್ತು, ಅಂಕ ಏರಿತ್ತು, ಬೆಲೆಯೂ ಏರಿತ್ತು. ಇಂಥ ಕಾರ್ಡುಗಳು ನೂರಾರು ಸಂಖ್ಯೆಯಲ್ಲಿ ಹೊರಬಂದವು, ಎಫ್‌ಬಿಐ ತನಿಖೆಯೂ ನಡೆಯಿತು. ಪತ್ತೆ ಮಾಡಿದ್ದು ಸಂಬಳ ಪಡೆಯುವ ಪರಿಣತರಲ್ಲ, ಹರಾಜು ಸಂಸ್ಥೆಗಳೂ ಅಲ್ಲ. ಹಳೆಯ ಚಿತ್ರಗಳನ್ನು ಎಸೆಯದೆ ಇಟ್ಟುಕೊಂಡಿದ್ದ ಸಾಮಾನ್ಯ ಸಂಗ್ರಾಹಕರು. ಹಳೆಯ ಚಿತ್ರ ಸಿಗದೆ ಹೋಗಿದ್ದರೆ ಯಾವುದೂ ಬೆಳಕಿಗೆ ಬರುತ್ತಿರಲಿಲ್ಲ.

ಈ ವ್ಯವಹಾರದ ಒಡೆತನವನ್ನೂ ಗಮನಿಸಬೇಕು. ಪಿಎಸ್‌ಎ ಕಂಪನಿಯ ಮಾತೃಸಂಸ್ಥೆಯನ್ನು 2021ರ ಆರಂಭದಲ್ಲಿ ಹೂಡಿಕೆದಾರರ ಗುಂಪೊಂದು ಕೊಂಡಿತು. ನ್ಯೂಯಾರ್ಕ್ ಮೆಟ್ಸ್ ತಂಡದ ಮಾಲೀಕ ಸ್ಟೀವ್ ಕೋಹೆನ್ ಅವರ ಹೂಡಿಕೆ ಸಂಸ್ಥೆಯೂ ಅದರಲ್ಲಿ ಪಾಲುದಾರ. ಅದೇ ವರ್ಷ ಆ ಗುಂಪು ಗೋಲ್ಡಿನ್ ಹರಾಜು ಸಂಸ್ಥೆಯನ್ನೂ ಕೊಂಡಿತು. 2024ರಲ್ಲಿ ಗೋಲ್ಡಿನ್ ಅನ್ನು ಇಬೇಗೆ ಮಾರಿತು, ಆದರೆ ಅದೇ ವರ್ಷ ಎಸ್‌ಜಿಸಿ ಗ್ರೇಡಿಂಗ್ ಕಂಪನಿಯನ್ನು ತನ್ನದಾಗಿಸಿಕೊಂಡಿತು. ಹೀಗಾಗಿ 1 ಕೋಟಿ 26 ಲಕ್ಷದ ಮ್ಯಾಂಟಲ್‌ಗೆ ಅಂಕ ಕೊಟ್ಟ ಕಂಪನಿ ಮತ್ತು 52 ಲಕ್ಷದ ಮ್ಯಾಂಟಲ್‌ಗೆ ಅಂಕ ಕೊಟ್ಟ ಕಂಪನಿ ಇಂದು ಒಂದೇ ಒಡೆತನದಲ್ಲಿವೆ. ಇದರಲ್ಲಿ ಕಾನೂನುಬಾಹಿರವಾದುದು ಏನೂ ಇಲ್ಲ, ಯಾರ ಮೇಲೂ ನಾನು ಆರೋಪ ಹೊರಿಸುತ್ತಿಲ್ಲ. ಆದರೆ ಅರ್ಧ ಅಂಕ ಹೆಚ್ಚುಕಡಿಮೆಯಾದರೂ ಲಕ್ಷಾಂತರ ಡಾಲರ್ ಅತ್ತಿತ್ತ ಆಗುವ ಕಡೆ, ಅಂಕ ಕೊಡುವವರು ಕೆಲವೇ ಜನರಾದಷ್ಟೂ ಅವರು ಕೊಡುವ ಲೆಕ್ಕ ಹೆಚ್ಚು ತೆರೆದಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾದರೆ ನಾವು ಕೇಳಬೇಕಾದುದೇನು? ಗ್ರೇಡ್ ಮಾಡಿದ ಪ್ರತಿಯೊಂದು ಹಳೆಯ ಕಾರ್ಡಿನ ಎರಡೂ ಬದಿಯ ಸ್ಪಷ್ಟ ಚಿತ್ರ, ಅದರ ಕ್ರಮಸಂಖ್ಯೆಯೊಂದಿಗೆ, ಯಾರು ಬೇಕಾದರೂ ಉಚಿತವಾಗಿ ನೋಡುವಂತೆ ಶಾಶ್ವತವಾಗಿ ಉಳಿಯಬೇಕು. ಒಂದು ಕಾರ್ಡನ್ನು ಅದರ ಪ್ಲಾಸ್ಟಿಕ್ ಕವಚದಿಂದ ಒಡೆದು ತೆಗೆದು ಮತ್ತೆ ಗ್ರೇಡಿಂಗಿಗೆ ಕಳಿಸಿದಾಗ, ಹಿಂದಿನ ಅಂಕವೂ ಹಿಂದಿನ ಚಿತ್ರವೂ ಅಳಿಸಿಹೋಗದೆ ಹೊಸದರ ಜೊತೆ ಕಾಣಬೇಕು. ಹತ್ತು ಸಾವಿರ ಡಾಲರಿಗಿಂತ ಹೆಚ್ಚು ಬೆಲೆಯ ಕಾರ್ಡು ಹರಾಜಿಗೆ ಬಂದಾಗ, ತಿಳಿದಿರುವ ಹಿಂದಿನ ಮಾರಾಟಗಳ ವಿವರವೂ, ಆ ಕಾರ್ಡಿನಲ್ಲಿ ಹರಾಜು ಸಂಸ್ಥೆಗೆ ಅಥವಾ ಅದರ ಸಿಬ್ಬಂದಿಗೆ ಪಾಲಿದೆಯೇ ಎಂಬುದೂ, ಅವರು ಬಿಡ್ ಮಾಡಬಹುದೇ ಎಂಬುದೂ ಕ್ಯಾಟಲಾಗಿನಲ್ಲಿಯೇ ಇರಬೇಕು. ಮಾರುವವರ ಹೆಸರು ಗೋಪ್ಯವಾಗಿರಲಿ, ಅವರ ಖಾಸಗಿತನಕ್ಕೆ ನನ್ನ ಆಕ್ಷೇಪಣೆಯಿಲ್ಲ. ಕಾರ್ಡಿನ ಚರಿತ್ರೆ ಮಾತ್ರ ಗೋಪ್ಯವಾಗಿರಕೂಡದು.

ಹಣದ ವಿಷಯವನ್ನು ಕೇಳಿದವರಿಗೆ ನಾಲ್ಕು ಮಾತು ಹೇಳಲೇಬೇಕು. ಆ ಮ್ಯಾಂಟಲ್ ಕಾರ್ಡನ್ನು ಅದರ ಮಾಲೀಕರು 1991ರಲ್ಲಿ 50 ಸಾವಿರ ಡಾಲರಿಗೆ ಕೊಂಡಿದ್ದರು, ಅಂದರೆ ಮೂವತ್ತೊಂದು ವರ್ಷದಲ್ಲಿ 252 ಪಟ್ಟು. ಈ ಲೆಕ್ಕವನ್ನು ಮುಂದಿಟ್ಟು ಹೂಡಿಕೆಗೆ ಕರೆಯುವವರು, ಅದೇ 1991ರಲ್ಲಿ ಲಕ್ಷಾಂತರ ಜನ ಕೊಂಡು ಅಟ್ಟದ ಮೇಲಿಟ್ಟ ಕಾರ್ಡುಗಳ ಕಥೆಯನ್ನು ಹೇಳುವುದಿಲ್ಲ. 1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ವರ್ಷಗಳವರೆಗೆ ಕಂಪನಿಗಳು ಮಿತಿಯಿಲ್ಲದೆ ಅಚ್ಚು ಹಾಕಿದ ಆ ಕಾರ್ಡುಗಳಲ್ಲಿ ಹೆಚ್ಚಿನವಕ್ಕೆ ಇಂದಿಗೂ ಬೆಲೆಯಿಲ್ಲ. ಮಕ್ಕಳ ಓದಿಗೆ ಆದೀತೆಂದು ಪೆಟ್ಟಿಗೆಗಟ್ಟಲೆ ಕೂಡಿಟ್ಟ ಕುಟುಂಬಗಳು ಅವನ್ನು ತೂಕಕ್ಕೂ ಮಾರಲಾಗದೆ ಇಟ್ಟುಕೊಂಡಿವೆ. ಪತ್ರಿಕೆಗಳಲ್ಲಿ ಬರುವ ಬೆಲೆಯಲ್ಲಿ ಹರಾಜು ಸಂಸ್ಥೆ ಕೊಳ್ಳುವವರಿಂದ ಪಡೆಯುವ ಶುಲ್ಕವೂ ಸೇರಿರುತ್ತದೆ, ಅದು ಸಾಮಾನ್ಯವಾಗಿ ಶೇಕಡಾ 20ರ ಆಸುಪಾಸು. ಆ ಮೊತ್ತ ಮಾರುವವರ ಕೈಗೆ ಬರುವುದಿಲ್ಲ. ಸಂಗ್ರಹ ವಸ್ತುಗಳನ್ನು ಮಾರಿ ಬಂದ ದೀರ್ಘಾವಧಿ ಲಾಭದ ಮೇಲೆ ಫೆಡರಲ್ ತೆರಿಗೆ ಶೇಕಡಾ 28ರವರೆಗೆ ಹೋಗುತ್ತದೆ, ಷೇರುಗಳ ಮೇಲಿನದು ಶೇಕಡಾ 20ನ್ನು ಮೀರುವುದಿಲ್ಲ. ಕಾರ್ಡು ಬಡ್ಡಿ ಕೊಡುವುದಿಲ್ಲ, ಬಾಡಿಗೆಯನ್ನೂ ತರುವುದಿಲ್ಲ. ಅದನ್ನು ನೀರು, ಬಿಸಿಲು, ಕಳ್ಳರಿಂದ ಕಾಯಬೇಕು, ಪ್ರತ್ಯೇಕ ವಿಮೆ ಮಾಡಿಸಬೇಕು. ಪ್ರೀತಿಯಿದ್ದವರಿಗೆ ಇದು ಹೊರೆಯೆನಿಸುವುದಿಲ್ಲ. ಲಾಭವೊಂದನ್ನೇ ನೆಚ್ಚಿದವರು ಮಕ್ಕಳ ಓದಿನ ಹಣವನ್ನು ಇದರಲ್ಲಿ ಇಡಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಈ ಹವ್ಯಾಸಕ್ಕೆ ಅಡಿಪಾಯ ಹಾಕಿದ ಜೆಫರ್ಸನ್ ಬರ್ಡಿಕ್ ಅವರ ಬಗ್ಗೆ ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ಬರ್ಡಿಕ್ ವಿದ್ಯುತ್ ಉಪಕರಣ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಸಾಮಾನ್ಯ ಕೆಲಸಗಾರ, ತೀವ್ರ ಸಂಧಿವಾತದಿಂದ ನರಳುತ್ತಿದ್ದವರು. ಸಿಗರೇಟು, ಮಿಠಾಯಿ, ಬಬಲ್‌ಗಮ್ ಪೊಟ್ಟಣಗಳೊಂದಿಗೆ ಬಂದ ಎಲ್ಲ ಬಗೆಯ ಕಾರ್ಡುಗಳಿಗೂ ಮೊದಲ ಬಾರಿಗೆ ವ್ಯವಸ್ಥಿತವಾದ ಪಟ್ಟಿ ಮಾಡಿದವರು ಅವರು. ಟಿ206 ಎಂದು ನಾವು ಇಂದಿಗೂ ಬಳಸುವ ಸಂಖ್ಯೆ ಅವರ ಪಟ್ಟಿಯದೇ. ಆ ಪಟ್ಟಿಯ 1960ರ ಆವೃತ್ತಿಯಲ್ಲಿ ವ್ಯಾಗ್ನರ್ ಕಾರ್ಡಿನ ಬೆಲೆ 50 ಡಾಲರ್ ಎಂದಿದೆ, ಆಗ ಅದೇ ಎಲ್ಲಕ್ಕಿಂತ ದುಬಾರಿ. ಅವರು ತಮ್ಮ ಬಳಿಯಿದ್ದ ಮೂರು ಲಕ್ಷಕ್ಕೂ ಹೆಚ್ಚು ಕಾರ್ಡು ಮತ್ತು ಮುದ್ರಿತ ಚಿತ್ರಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು. ಅವುಗಳಲ್ಲಿ ಬೇಸ್‌ಬಾಲ್ ಕಾರ್ಡುಗಳೇ ಮೂವತ್ತು ಸಾವಿರಕ್ಕೂ ಮಿಗಿಲು, ಒಂದು ವ್ಯಾಗ್ನರ್ ಕೂಡ ಇದೆ. ಕೊಟ್ಟು ಸುಮ್ಮನಾಗಲಿಲ್ಲ, ಬೆರಳುಗಳು ಸೆಟೆದು ಹೋಗುತ್ತಿದ್ದರೂ ಸಂಗ್ರಹಾಲಯದಲ್ಲಿ ಕುಳಿತು ವರ್ಷಗಟ್ಟಲೆ ಅವನ್ನು ಆಲ್ಬಮ್‌ಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು, ಅದೇ ಮಾರ್ಚ್‌ನಲ್ಲಿ ಅವರು ತೀರಿಕೊಂಡರು. ಗೋಂದು ಹಚ್ಚಿ ಅಂಟಿಸಿದ ಕಾರ್ಡಿಗೆ ಇಂದಿನ ಗ್ರೇಡಿಂಗ್ ಮೇಜಿನ ಮೇಲೆ ಒಳ್ಳೆಯ ಅಂಕ ಸಿಗದು. ಆದರೆ ಅಮೆರಿಕದಲ್ಲಿ ಚರಿತ್ರೆ ಅತ್ಯಂತ ಸ್ಪಷ್ಟವಾಗಿರುವ ಕಾರ್ಡುಗಳು ಆ ಆಲ್ಬಮ್‌ಗಳಲ್ಲಿರುವವೇ: ಯಾರು ಕೂಡಿಸಿದರು, ಯಾವಾಗ ಕೊಟ್ಟರು, ಅಂದಿನಿಂದ ಎಲ್ಲಿವೆ ಎಂಬುದರಲ್ಲಿ ಕೂದಲೆಳೆಯಷ್ಟೂ ಅನುಮಾನವಿಲ್ಲ.

ಬೆಲೆ ಕಂಡು ಎದೆಗುಂದಿದ ಕಿರಿಯ ಸಂಗ್ರಾಹಕರಿಗೂ ಒಂದು ಮಾತು. ನೂರು ವರ್ಷ ದಾಟಿದ ಟಿ206 ಸರಣಿಯಲ್ಲಿಯೇ ಹೆಸರಾಗದ ಆಟಗಾರರ, ಮೂಲೆ ಸವೆದ ಕಾರ್ಡುಗಳು ಇಂದಿಗೂ ನೂರು ಡಾಲರಿನೊಳಗೆ ಸಿಗುತ್ತವೆ. ನನಗೆ ಅತ್ಯಂತ ಪ್ರಿಯವಾದವು ಅಂಥವೇ. ಯಾವುದೋ ಹುಡುಗನ ಜೇಬಿನಲ್ಲಿ ತಿರುಗಾಡಿದ ಗುರುತು ಅವುಗಳ ಮೇಲಿರುತ್ತದೆ. ಕೊಳ್ಳುವಾಗ ಒಂದು ಭೂತಗನ್ನಡಿಯನ್ನೂ ಒಂದು ಅತಿನೇರಳೆ ದೀಪವನ್ನೂ ಜೊತೆಗಿಟ್ಟುಕೊಳ್ಳಿ. ಆ ಕಾಲದ ಕಲ್ಲಚ್ಚಿನಲ್ಲಿ ಆಟಗಾರನ ಹೆಸರಿನ ಅಕ್ಷರಗಳು ಒಂದೇ ಬಣ್ಣದ ಗಟ್ಟಿ ಗೆರೆಗಳಾಗಿ ಮೂಡುತ್ತವೆ. ನಕಲು ಪ್ರತಿಗಳಲ್ಲಿ ಅವು ಹಲವು ಬಣ್ಣದ ಸಣ್ಣ ಚುಕ್ಕೆಗಳಾಗಿ ಒಡೆದು ಕಾಣುತ್ತವೆ. ಎರಡನೆಯ ಮಹಾಯುದ್ಧದ ನಂತರದ ಕಾಗದಕ್ಕೆ ಬಿಳುಪು ತರುವ ರಾಸಾಯನಿಕ ಸೇರಿಸುತ್ತಿದ್ದುದರಿಂದ ಅದು ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ, ಹಳೆಯ ಕಾಗದ ಹಾಗೆ ಹೊಳೆಯುವುದಿಲ್ಲ. ಬಿಗ್ ಫನ್ ಬಬಲ್‌ಗಮ್‌ನ ಕ್ರಿಕೆಟ್ ಕಾರ್ಡುಗಳನ್ನು ಕೂಡಿಸಿ ಬೆಳೆದ ನಮ್ಮ ತಲೆಮಾರಿನವರಿಗೆ ಈ ಹುಡುಕಾಟದ ಸುಖವನ್ನು ವಿವರಿಸಬೇಕಾಗಿಲ್ಲ. ಹಣ ಖರ್ಚು ಮಾಡದೆಯೂ ಕಲಿಯಬಹುದು: ಅಮೆರಿಕದ ಸಂಸತ್ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ 1887ರಿಂದ 1914ರವರೆಗಿನ ಸುಮಾರು 2,100 ಬೇಸ್‌ಬಾಲ್ ಕಾರ್ಡುಗಳ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಮಕ್ಕಳ ಜೊತೆ ಒಂದು ಸಂಜೆ ಅದನ್ನು ನೋಡಿ. ಕೊಳ್ಳುವ ಮೊದಲು ಕಣ್ಣು ಪಳಗಬೇಕು.

ಮುಂದಿನ ಬೇಸಗೆಯಲ್ಲಿ ರಾಷ್ಟ್ರೀಯ ಕ್ರೀಡಾ ಸಂಗ್ರಾಹಕರ ಸಮಾವೇಶಕ್ಕೆ ನಮ್ಮಲ್ಲಿ ಹಲವರು ಹೋಗುವವರಿದ್ದೇವೆ. ಗ್ರೇಡಿಂಗ್ ಕಂಪನಿಗಳೂ ದೊಡ್ಡ ಹರಾಜು ಸಂಸ್ಥೆಗಳೂ ಅಲ್ಲಿ ಮಳಿಗೆ ಹಾಕುತ್ತವೆ. ದಯವಿಟ್ಟು ಒಂದೊಂದು ಮಳಿಗೆಯ ಮುಂದೆಯೂ ನಿಂತು ಮೇಲಿನ ಬೇಡಿಕೆಗಳನ್ನು ಮರ್ಯಾದೆಯಿಂದ, ಆದರೆ ಬಿಡದೆ, ಕೇಳಿ, ಉತ್ತರವನ್ನು ಬರೆದುಕೊಳ್ಳಿ, ಅದನ್ನು ನಿಮ್ಮ ಊರಿನ ಕನ್ನಡ ಕೂಟದ ಇತರ ಸಂಗ್ರಾಹಕರೊಂದಿಗೆ ಹಂಚಿಕೊಳ್ಳಿ. ನಿಮ್ಮ ಬಳಿ ಹಳೆಯ ಹರಾಜುಗಳ ಮುದ್ರಿತ ಕ್ಯಾಟಲಾಗುಗಳಿದ್ದರೆ, ಮನೆ ಬದಲಿಸುವಾಗ ಎಸೆಯಬೇಡಿ. ನಿಮ್ಮಲ್ಲಿರುವ ಪ್ರತಿ ಕಾರ್ಡಿನ ಎರಡೂ ಬದಿಯನ್ನು ಇಂದೇ ಸ್ಕ್ಯಾನ್ ಮಾಡಿ, ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡಿರಿ ಎಂಬುದನ್ನು ಜೊತೆಗೆ ಬರೆದಿಡಿ. ನಾಳೆ ನೀವು ಮಾರುವಾಗ, ಕೊಳ್ಳುವವರು ಕೇಳದಿದ್ದರೂ, ಆ ಹಾಳೆಯನ್ನು ಕಾರ್ಡಿನ ಜೊತೆಯಲ್ಲಿಯೇ ಅವರ ಕೈಗೆ ಕೊಡಿ.

ವಿಶ್ವಾಸದೊಂದಿಗೆ,
ನ್ಯೂಜೆರ್ಸಿಯಲ್ಲಿರುವ ನಿಮ್ಮೊಳಗಿನ ಒಬ್ಬ ಸಂಗ್ರಾಹಕ